ಉತ್ತರ ಒಂಟಾರಿಯೋದ ಊರ ರೇಡಿಯೋ ನಡೆಸೋಕೆ ದುಡ್ಡು ಎಲ್ಲಿಂದ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ಒಂಟಾರಿಯೋದಲ್ಲಿ, ಸೂ ಲುಕ್‌ಔಟ್ ಪಟ್ಟಣಕ್ಕಿಂತಲೂ ಉತ್ತರಕ್ಕಿರುವ ಒಂದು ಮೂಲನಿವಾಸಿ ಊರಿನ ಶಾಲೆಯಲ್ಲಿ ಮೇಷ್ಟ್ರು. ಇಲ್ಲಿಗೆ ವಿಮಾನದಲ್ಲೇ ಬರಬೇಕು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಮಾತ್ರ ಕೆಲವು ವಾರ ಲಾರಿ ಓಡುವ ಹಾಗೆ ಹಿಮದ ರಸ್ತೆ ಮಾಡುತ್ತಾರೆ. ಜನರ ಭಾಷೆ ಓಜಿ-ಕ್ರೀ. ಊರಿಗೆ ಒಂದು ಪುಟ್ಟ ಎಫ್‌ಎಂ ಇದೆ. ಒಬ್ಬರೇ ಹೆಂಗಸು ಸಂಬಳಕ್ಕೆ ಇದ್ದಾರೆ, ಉಳಿದಂತೆ ಹಿರಿಯರು ಬಂದು ಮೈಕ್ ಮುಂದೆ ಕೂತು ಮಾತಾಡಿ ಹೋಗುತ್ತಾರೆ. ಈಗ ಆ ಒಂದು ಸಂಬಳಕ್ಕೂ ಕಷ್ಟ ಬಂದಿದೆ, ಟ್ರಾನ್ಸ್‌ಮಿಟರ್ ಕೂಡ ಹಳೆಯದು. ಅರ್ಜಿ ಬರೆಯಲು ಸಹಾಯ ಮಾಡಿ ಅಂತ ರೇಡಿಯೋ ಸಮಿತಿಯವರು ನನ್ನನ್ನು ಕೇಳಿದ್ದಾರೆ. ಹುಡುಗರಿಗೆ ತಮ್ಮ ಭಾಷೆಯಲ್ಲಿ ವಿಡಿಯೋ, ಟಿವಿ ಕಾರ್ಯಕ್ರಮ ಮಾಡುವ ಆಸೆಯೂ ಇದೆ. ಕೆನಡಾದಲ್ಲಿ ಇಂಥ ಕೆಲಸ ಹತ್ತಿರದಿಂದ ನೋಡಿದ ಕನ್ನಡದವರು ಯಾರಾದರೂ ಇದ್ದೀರಾ? ಎಲ್ಲಿ ಕೇಳಬೇಕು, ಏನಂತ ಕೇಳಬೇಕು?

ಉತ್ತರ: ವಿನಿಪೆಗ್‌ನಿಂದ, ಲೆಕ್ಕಪತ್ರದ ಕೆಲಸ

ಮೇಷ್ಟ್ರೇ, ಉತ್ತರದ ಒಂದು ಪ್ರಸಾರ ಸಂಘದ ಲೆಕ್ಕಪತ್ರ ನಾನು ನೋಡಿಕೊಂಡಿದ್ದೆ. ಅರ್ಜಿಯಲ್ಲಿ ಟ್ರಾನ್ಸ್‌ಮಿಟರ್‌ಗಿಂತ ಮೊದಲು ಆ ಹೆಂಗಸಿನ ಸಂಬಳ ಬರೆಯಿರಿ. ಯಂತ್ರಕ್ಕೆ ದುಡ್ಡು ಕೊಡುವವರು ಹೇಗೋ ಸಿಗುತ್ತಾರೆ. ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆದು, ಹೀಟರ್ ಹಾಕಿ, ಓಜಿ-ಕ್ರೀಯಲ್ಲಿ ಮಾತು ಶುರು ಮಾಡುವ ಮನುಷ್ಯರಿಗೆ ಕೊಡುವವರು ಸಿಗುವುದೇ ಕಷ್ಟ. ಹೊಸ ಯಂತ್ರ ಬಂದು, ಕೂರುವವರಿಲ್ಲದೆ ಇಂಗ್ಲಿಷ್ ಹಾಡು ಮಾತ್ರ ಓಡುವ ಸ್ಟೇಷನ್ ನೋಡಿ ನನಗೆ ಹೊಟ್ಟೆ ಉರಿದಿದೆ.

ಈ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಕೇಳೋದು ಸುಲಭ. 1972ರಲ್ಲಿ ಕೆನಡಾದ ಅನಿಕ್ ಸಂವಹನ ಉಪಗ್ರಹ ಹಾರಿತು, ಮರುವರ್ಷದಿಂದ ದಕ್ಷಿಣದ ಟಿವಿ ಉತ್ತರದ ಊರುಗಳಿಗೆ ಬಂತು, ಹೆಚ್ಚುಕಮ್ಮಿ ಪೂರ್ತಿ ಇಂಗ್ಲಿಷ್ ಮತ್ತು ಫ್ರೆಂಚ್. ಇಗ್ಲೂಲಿಕ್ ಅನ್ನುವ, ಇನೂಯಿಟ್ (ಆರ್ಕ್ಟಿಕ್‌ನ ಮೂಲನಿವಾಸಿ) ಜನರ ಊರಿನವರು, ನಮ್ಮ ಭಾಷೆಯದು ಇಲ್ಲ ಅಂದ ಮೇಲೆ ಈ ಟಿವಿ ನಮಗೆ ಬೇಡ ಅಂತ 1975ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಮತ ಹಾಕಿ ವಾಪಸ್ ಕಳಿಸಿದರು. ಹೀಗೆ ಜನ ಗಟ್ಟಿಯಾಗಿ ಕೇಳಿದ್ದಕ್ಕೇ 1983ರಲ್ಲಿ ಸರ್ಕಾರ ಉತ್ತರದ ಪ್ರಸಾರಕ್ಕೆ ಒಂದು ನೀತಿ ಮಾಡಿ, 4 ವರ್ಷಕ್ಕೆ 4.03 ಕೋಟಿ ಡಾಲರ್ ಇಟ್ಟಿತು. 13 ಪ್ರಾದೇಶಿಕ ಸಂಘಗಳಿಗೆ ಅದು ಹೋಯಿತು. ವಾರಕ್ಕೆ 20 ಗಂಟೆ ರೇಡಿಯೋ, 5 ಗಂಟೆ ಟಿವಿ ತಯಾರಿಸಬೇಕು ಅನ್ನೋದು ಗುರಿ. 1990ರಲ್ಲಿ ಆ ಹಣಕ್ಕೂ ಕತ್ತರಿ ಬಿತ್ತು. ಮೂಲನಿವಾಸಿ ಪತ್ರಿಕೆಗಳಿಗಿದ್ದ ಇನ್ನೊಂದು ಯೋಜನೆಯನ್ನಂತೂ ಅದೇ ವರ್ಷ ಪೂರ್ತಿ ನಿಲ್ಲಿಸಿಬಿಟ್ಟರು. ಉಳಿದುಕೊಂಡ ಪ್ರಸಾರ ಯೋಜನೆ ಈಗ ಕೇಂದ್ರ ಸರ್ಕಾರದ ಸಂಸ್ಕೃತಿ ಇಲಾಖೆಯಾದ ಕೆನಡಿಯನ್ ಹೆರಿಟೇಜ್ ಕೈಯಲ್ಲಿದೆ.

ಇದು ಪ್ರಾದೇಶಿಕ ಸಂಘಗಳಿಗಾಗಿ ಮಾಡಿದ ಹಣ, ಒಂದೊಂದು ಊರಿನ ಸ್ಟೇಷನ್‌ಗೆ ಅಂತ ಮಾಡಿದ್ದಲ್ಲ. ಹಾಗಾಗಿ ನೀವು ಮೊದಲು ಮಾತಾಡಬೇಕಾದ್ದು ಸೂ ಲುಕ್‌ಔಟ್‌ನ ವಾವಾಟೇ ಅನ್ನುವ ಪ್ರಾದೇಶಿಕ ಪ್ರಸಾರ ಸಂಘದ ಜೊತೆ. 1974ರಿಂದ ಇದ್ದಾರೆ. ಕಾಡಲ್ಲಿ ಬೇಟೆಗೆ ಹೋಗುವ ಕುಟುಂಬಗಳಿಗೆ ವೈರ್‌ಲೆಸ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಾಲದಿಂದ ಆ ಭಾಗದ ಊರುಗಳು ಅವರಿಗೆ ಗೊತ್ತು. ನಿಮ್ಮ ಹಿರಿಯರ ಕಾರ್ಯಕ್ರಮ ಅವರ ಜಾಲದಲ್ಲಿ ಹೋಗಬಹುದಾ, ಅದಕ್ಕೆ ಏನಾದರೂ ಕೊಡಲು ಆಗುತ್ತದಾ ಅಂತ ನೇರವಾಗಿ ಕೇಳಿ.

ಎರಡನೇ ದಾರಿ ಭಾಷೆಯ ಹಣ. 2019ರಲ್ಲಿ ಮೂಲನಿವಾಸಿ ಭಾಷೆಗಳ ಕಾಯ್ದೆ ಬಂದ ಮೇಲೆ, ಭಾಷೆ ಉಳಿಸುವ ಕೆಲಸಕ್ಕೆ ಅಂತ ಹಣ ಬೇರೆಯಾಗಿ ಬರುತ್ತದೆ. ಅಲ್ಲಿ ‘ರೇಡಿಯೋ ನಡೆಸಲು’ ಅಂತ ಬರೆಯುವ ಬದಲು, ಹಿರಿಯರು ವಾರಕ್ಕೆ ಇಷ್ಟು ಗಂಟೆ ಓಜಿ-ಕ್ರೀಯಲ್ಲಿ ಕಥೆ ಹೇಳುತ್ತಾರೆ, ಅದು ರೆಕಾರ್ಡ್ ಆಗಿ ಶಾಲೆಗೆ ಬರುತ್ತದೆ, ಮಕ್ಕಳು ಅದರಿಂದ ಕಲಿಯುತ್ತಾರೆ ಅಂತ ಬರೆಯಿರಿ. ಇದು ನಿಜವೂ ಹೌದು ಅಲ್ವಾ, ನೀವೇ ಶಾಲೆಯಲ್ಲಿದ್ದೀರಿ. ಹಿರಿಯರ ಗೌರವಧನ, ಅವರನ್ನು ಮನೆಯಿಂದ ಕರೆತಂದು ಬಿಡುವ ಗಾಡಿಯ ಖರ್ಚು, ಚಹಾ, ಎಲ್ಲವನ್ನೂ ಪಟ್ಟಿಯಲ್ಲಿ ಹಾಕಿ. ಹಿರಿಯರು ಕೇಳುವುದಿಲ್ಲ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ಇನ್ನು ತಾರೀಖು. ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿಯುತ್ತದೆ. ನಾನು ನೋಡಿದ ಸಂಘದಲ್ಲಿ ಏಪ್ರಿಲ್‌ನಲ್ಲಿ ಸಿಗಬೇಕಾದ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಬೇಸಿಗೆ ಅರ್ಧ ಕಳೆದಿರುತ್ತಿತ್ತು. ಅಷ್ಟರಲ್ಲಿ ಹಿಮದ ರಸ್ತೆ ಕರಗಿ ತಿಂಗಳುಗಳೇ ಆಗಿರುತ್ತವೆ. ಲಾರಿಯಲ್ಲಿ ಬರಬೇಕಾದ ಕಂಬ, ಕೇಬಲ್, ಬ್ಯಾಟರಿ ಎಲ್ಲ ವಿಮಾನದಲ್ಲಿ ತರಿಸಬೇಕಾಗಿ, ಸಾಮಾನಿನ ದುಡ್ಡೆಲ್ಲ ಸಾಗಾಟಕ್ಕೇ ಹೋಗುತ್ತದೆ. ಮುಂದಿನ ಚಳಿಗಾಲದ ತನಕ ಕಾಯೋಣ ಅಂದರೆ ಮಾರ್ಚ್ 31ರ ಗಡುವು ಕುತ್ತಿಗೆಗೆ ಬರುತ್ತದೆ. ಅದಕ್ಕೇ ಬಜೆಟ್‌ನಲ್ಲಿ ಸಾಗಾಟವನ್ನು ವಿಮಾನದ ದರದಲ್ಲೇ ಹಾಕಿ, ಯಾಕೆ ಅಂತ ಎರಡು ಸಾಲು ಬರೆಯಿರಿ. ಓದುವ ಅಧಿಕಾರಿ ಒಟ್ಟಾವದ ಕಡೆ ಕೂತಿರುತ್ತಾರೆ, ನಿಮ್ಮ ಊರಿಗೆ ರಸ್ತೆ ಇಲ್ಲ ಅನ್ನೋದು ಅವರಿಗೆ ಹೊಳೆಯದೇ ಇರಬಹುದು. ಸಾಧ್ಯ ಇದ್ದರೆ ಒಂದು ವರ್ಷದ ಬದಲು ಹಲವು ವರ್ಷದ ಒಪ್ಪಂದ ಕೇಳಿ.

ಉತ್ತರ: ಉತ್ತರ ಮ್ಯಾನಿಟೋಬಾದಲ್ಲಿ ನರ್ಸ್ ಆಗಿದ್ದೆ

ಬಿಂಗೋ (ನಮ್ಮ ತಂಬೋಲಾ ಥರದ ಆಟ) ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನಿದ್ದ ಊರಲ್ಲಿ ರೇಡಿಯೋ ನಡೆಯುತ್ತಿದ್ದದ್ದೇ ಬಿಂಗೋ ದುಡ್ಡಲ್ಲಿ. ಹಗಲು ಅಂಗಡಿಯಲ್ಲಿ ಚೀಟಿ ಮಾರುತ್ತಾರೆ, ಸಂಜೆ ರೇಡಿಯೋದಲ್ಲಿ ನಂಬರ್ ಕೂಗುತ್ತಾರೆ, ಮೊದಲು ಕ್ರೀಯಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಮನೆಮನೆಯಲ್ಲೂ ಅಡುಗೆಮನೆ ಟೇಬಲ್ ಮೇಲೆ ಚೀಟಿ ಹರಡಿಕೊಂಡು, ಬಣ್ಣದ ಶಾಯಿಯ ಡಬ್ಬಿ ಹಿಡಿದು ಕೂತಿರುತ್ತಾರೆ. ಗೆದ್ದವರು ಸ್ಟುಡಿಯೋಗೆ ಫೋನ್ ಮಾಡಬೇಕು. ಆ ಹೊತ್ತಲ್ಲಿ ರೋಗಿಗಳು ನಮ್ಮ ಕಡೆ ಬರುತ್ತಲೇ ಇರಲಿಲ್ಲ. ಕ್ರೀ ಅಷ್ಟಾಗಿ ಬರದ ಮಕ್ಕಳೂ ಸಂಖ್ಯೆಗಳನ್ನು ಅಲ್ಲೇ ಕಲಿತಿದ್ದರು. ಆದರೆ ಇದಕ್ಕೂ ಲೈಸೆನ್ಸ್ ಬೇಕು, ಬಂದದ್ದು ಎಷ್ಟು, ಬಹುಮಾನಕ್ಕೆ ಎಷ್ಟು, ಉಳಿದದ್ದು ಯಾವುದಕ್ಕೆ ಹೋಯಿತು ಅಂತ ಬರೆದಿಡಬೇಕು. ನಿಯಮ ಪ್ರಾಂತ್ಯಕ್ಕೊಂದು ಥರ, ನಿಮ್ಮ ಊರಿನ ಕೌನ್ಸಿಲ್ ಕಚೇರಿಯಲ್ಲಿ ವಿಚಾರಿಸಿ. ಬಿಂಗೋ ಒಂದನ್ನೇ ನಂಬಿಕೊಳ್ಳುವುದು ಮಾತ್ರ ಬೇಡ. ಊರಲ್ಲಿ ಸಾವಾದರೆ ಆಟ ನಿಲ್ಲುತ್ತದೆ, ಆ ವಾರದ ಆದಾಯವೂ ಇಲ್ಲ.

ಇನ್ನೊಂದು, ಅರ್ಜಿಯ ಜೊತೆ ನಿಮ್ಮ ಊರಿನ ನರ್ಸಿಂಗ್ ಸ್ಟೇಷನ್‌ನಿಂದ ಒಂದು ಪತ್ರ ಹಾಕಿಸಿ. ಕೋವಿಡ್ ಸಮಯದಲ್ಲಿ ಲಸಿಕೆ ಯಾವಾಗ, ಯಾರು ಮನೆಯಲ್ಲೇ ಇರಬೇಕು ಅನ್ನೋದನ್ನೆಲ್ಲ ಹಿರಿಯರಿಗೆ ಅವರ ಭಾಷೆಯಲ್ಲಿ ಮುಟ್ಟಿಸಿದ್ದು ಊರ ರೇಡಿಯೋ. ಕಾಳ್ಗಿಚ್ಚು ಬಂದು ಊರು ಬಿಡಬೇಕಾದಾಗ ವಿಮಾನ ಎಷ್ಟು ಹೊತ್ತಿಗೆ, ಯಾರ ಹೆಸರು ಮೊದಲು ಅಂತ ಹೇಳುವುದೂ ಅದೇ. ಆ ಪತ್ರಕ್ಕೆ ತುಂಬಾ ತೂಕ ಇರುತ್ತದೆ.

ಉತ್ತರ: ಥಂಡರ್ ಬೇ, ಟೆಲಿಕಾಂ ಟೆಕ್ನಿಷಿಯನ್

ಟ್ರಾನ್ಸ್‌ಮಿಟರ್ ಬದಲಿಸುವ ಮುಂಚೆ ಕರೆಂಟ್ ನೋಡಿ. ಈ ಊರುಗಳಲ್ಲಿ ತುಂಬಾ ಕಡೆ ಡೀಸೆಲ್ ಜನರೇಟರ್ ಕರೆಂಟು. ವೋಲ್ಟೇಜ್ ಏರಿಳಿತಕ್ಕೇ ಅರ್ಧ ಉಪಕರಣ ಹಾಳಾಗುತ್ತವೆ. ಒಳ್ಳೆ ಯುಪಿಎಸ್, ಸಿಡಿಲು ರಕ್ಷಣೆ, ಆಂಟೆನಾ ಕೇಬಲ್ ಮತ್ತು ಕನೆಕ್ಟರ್ ಇವುಗಳನ್ನು ಮೊದಲು ಸರಿಮಾಡಿ. ಕೇಬಲ್‌ನಲ್ಲಿ ನೀರು ಹೋಗಿ ಹೆಪ್ಪುಗಟ್ಟಿದ್ದರೆ ಹೊಸ ಟ್ರಾನ್ಸ್‌ಮಿಟರ್ ಹಾಕಿದರೂ ಧ್ವನಿ ಊರಿನ ಆಚೆ ದಡಕ್ಕೆ ಮುಟ್ಟುವುದಿಲ್ಲ. ನಮ್ಮಂಥವರು ಅಲ್ಲಿಗೆ ಬಂದು ಹೋಗುವ ವಿಮಾನದ ಚಾರ್ಜೇ ಜಾಸ್ತಿ, ಅದಕ್ಕೇ ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ರಿಪೇರಿ ತರಬೇತಿ ಕೊಡಿಸುವ ಖರ್ಚನ್ನು ಬಜೆಟ್‌ಗೆ ಸೇರಿಸಿ.

ಲೈಸೆನ್ಸ್ ವಿಷಯ: ದೂರದ ಊರಿನ ಸಣ್ಣ ಮೂಲನಿವಾಸಿ ರೇಡಿಯೋಗಳಿಗೆ ಷರತ್ತುಗಳ ಮೇಲೆ ಸಿಆರ್‌ಟಿಸಿ (ಕೆನಡಾದ ಪ್ರಸಾರ ನಿಯಂತ್ರಣ ಸಂಸ್ಥೆ) ವಿನಾಯಿತಿ ಕೊಡುತ್ತದೆ. ಫ್ರೀಕ್ವೆನ್ಸಿಗೆ ತಾಂತ್ರಿಕ ಅನುಮತಿ ಬೇರೆ. ನಿಮ್ಮ ಸ್ಟೇಷನ್ನಿನ ಹಳೇ ಕಾಗದ ಹುಡುಕಿ ಇಟ್ಟುಕೊಳ್ಳಿ, ಅರ್ಜಿ ಹಾಕಿದ ಮೇಲೆ ಅದನ್ನು ಕೇಳಿಯೇ ಕೇಳುತ್ತಾರೆ.

ಉತ್ತರ: ಟೊರಾಂಟೋ, ವಿಡಿಯೋ ಎಡಿಟರ್

ಟಿವಿ ಬಗ್ಗೆ ನಾನು ಹೇಳುತ್ತೇನೆ. ಮೂಲನಿವಾಸಿಗಳ ಟಿವಿ ವಾಹಿನಿ ಎಪಿಟಿಎನ್ ನೋಡಿರುತ್ತೀರಿ. 1992ರಲ್ಲಿ ಉತ್ತರದ ಸಂಘಗಳೆಲ್ಲ ಸೇರಿ ಉಪಗ್ರಹದ ಮೇಲೆ ಟೆಲಿವಿಷನ್ ನಾರ್ದರ್ನ್ ಕೆನಡಾ ಶುರು ಮಾಡಿದರು, ಅದೇ 1999ರ ಸೆಪ್ಟೆಂಬರ್ 1ಕ್ಕೆ ಇಡೀ ದೇಶದ ಎಪಿಟಿಎನ್ ಆಯಿತು. ಅದು ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಮಾಡಿದ್ದು ಒಂದು ಸರಳ ನಿಯಮ: ಕೇಬಲ್ ಮತ್ತು ಉಪಗ್ರಹ ಟಿವಿ ಕಂಪನಿಗಳು ತಮ್ಮ ಮೂಲ ಪ್ಯಾಕೇಜಿನಲ್ಲೇ ಈ ವಾಹಿನಿ ಕೊಡಬೇಕು, ಚಂದಾದಾರನಿಗೆ ತಿಂಗಳಿಗೆ ಇಷ್ಟು ಅಂತ ಅದಕ್ಕೆ ಹಣ ಕಟ್ಟಬೇಕು. ಮೊದಲು 15 ಸೆಂಟ್ ಇತ್ತು, 2018ರಲ್ಲಿ 35 ಸೆಂಟ್ ಆಯಿತು. ವರ್ಷ ವರ್ಷ ಕೈಚಾಚದೆ ಬರುವ ಹಣ ಅಂದರೆ ಅದು. ಈಗ ಜನ ಕೇಬಲ್ ಕಿತ್ತುಹಾಕಿ ಸ್ಟ್ರೀಮಿಂಗ್‌ಗೆ ಹೋಗುತ್ತಿದ್ದಾರೆ, ಹಾಗಾಗಿ ಆ ಬಾವಿಯೂ ಬತ್ತುತ್ತಿದೆ. ಸ್ಟ್ರೀಮಿಂಗ್ ಕಂಪನಿಗಳೂ ಪಾಲು ಕೊಡಬೇಕು ಅಂತ 2023ರಲ್ಲಿ ಕಾನೂನು ಆಯಿತು. ಆ ಪಾಲು ಉತ್ತರದ ಊರುಗಳಿಗೂ ಮುಟ್ಟಬೇಕು, ಅದಕ್ಕಾಗಿ ಸಿಆರ್‌ಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗಲೆಲ್ಲ ನಿಮ್ಮ ಸಮಿತಿಯಿಂದಲೂ ಒಂದು ಪತ್ರ ಹೋಗಲಿ.

ಹುಡುಗರಿಗೆ: ಮೂಲನಿವಾಸಿಗಳ ಸಿನಿಮಾ, ಟಿವಿ ಕೆಲಸಕ್ಕೆ ಹಣ ಕೊಡುವ ಇಂಡಿಜಿನಸ್ ಸ್ಕ್ರೀನ್ ಆಫೀಸ್ ನೋಡಲು ಹೇಳಿ. ಅರ್ಜಿದಾರರು ಮೂಲನಿವಾಸಿಗಳೇ ಆಗಿರಬೇಕು, ಆದ್ದರಿಂದ ಹುಡುಗರ ಹೆಸರಲ್ಲೇ ಹೋಗಲಿ, ನೀವು ಹಿಂದೆ ನಿಂತು ಸಹಾಯ ಮಾಡಿ. ಮೊದಲ ಸಲಕ್ಕೆ ದೊಡ್ಡ ಸರಣಿ ಬೇಡ. ಹಿಮದ ಮೇಲೆ ಬಲೆ ಹಾಕುವುದು, ಮೂಸ್ (ದೊಡ್ಡ ಜಾತಿಯ ಜಿಂಕೆ) ಚರ್ಮ ಹದ ಮಾಡುವುದು, ಇಂಥ ಐದು ನಿಮಿಷದ ತುಣುಕು, ಮಾತು ಪೂರ್ತಿ ಓಜಿ-ಕ್ರೀಯಲ್ಲಿ. 2021ರಲ್ಲಿ ಪೂರ್ತಿ ಇನೂಯಿಟ್ ಭಾಷೆಯಲ್ಲೇ ಉವಾಗುಟ್ ಟಿವಿ ಶುರುವಾಯಿತು. ಹುಡುಗರಿಗೆ ಅದನ್ನು ತೋರಿಸಿ.

ಪ್ರಶ್ನೆ ಕೇಳಿದವರಿಂದ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇವತ್ತೇ ಸಮಿತಿಯವರಿಗೆ ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ಹೇಳಿದೆ. ಗೌರವಧನದ ಮಾತು ಬಂದಾಗ ಅಧ್ಯಕ್ಷರು ತುಂಬಾ ಹೊತ್ತು ಹಿರಿಯರ ಜೊತೆ ಅವರ ಭಾಷೆಯಲ್ಲಿ ಮಾತಾಡಿ, ಕೊನೆಗೆ ಸೇರಿಸಿ ಅಂದರು. ಒಂದು ಅನುಮಾನ: ಹಿರಿಯರು ಹೇಳಿದ ಕಥೆಯ ರೆಕಾರ್ಡಿಂಗ್ ಯಾರದ್ದಾಗುತ್ತದೆ? ಹಣ ಕೊಟ್ಟವರದ್ದಾ?

ಉತ್ತರ: ವಿನಿಪೆಗ್‌ನಿಂದ

ಒಳ್ಳೆ ಪ್ರಶ್ನೆ. ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಆ ಕಲಮು ಹುಡುಕಿ ಓದಿ. ರೆಕಾರ್ಡಿಂಗ್ ಹಿರಿಯರ ಕುಟುಂಬಕ್ಕೆ ಮತ್ತು ಊರಿಗೆ ಸೇರಿದ್ದು, ಬೇರೆಯವರು ಬಳಸಬೇಕಾದರೆ ಕೌನ್ಸಿಲ್ ಅನುಮತಿ ಬೇಕು ಅಂತ ಅರ್ಜಿಯಲ್ಲೇ ಬರೆದುಬಿಡಿ. ಕೆಲವು ಕಥೆಗಳನ್ನು ಹಿಮ ಬಿದ್ದಾಗ ಮಾತ್ರ ಹೇಳುವ ಪದ್ಧತಿ ಇರುತ್ತದೆ. ಯಾವುದನ್ನು ಯಾವಾಗ ಪ್ರಸಾರ ಮಾಡಬಹುದು ಅಂತ ಆ ಹಿರಿಯರನ್ನೇ ಕೇಳಿ ಪಟ್ಟಿ ಮಾಡಿಕೊಳ್ಳಿ. ಅರ್ಜಿಯ ಕರಡು ಆದ ಮೇಲೆ ಬಜೆಟ್ ಹಾಳೆ ನನಗೆ ಕಳಿಸಿ, ನೋಡಿಕೊಡುತ್ತೇನೆ.