ಹೆಂಡತಿಯ ಮೊದಲ ಪಿಸ್ತೂಲು: ಟೆಕ್ಸಸ್ ಕನ್ನಡಿಗರ ಅನುಭವ

ಕೇಳಿದವರು, ಫ್ರಿಸ್ಕೋದಿಂದ:

ನನ್ನ ಹೆಂಡತಿ ಸಣ್ಣದೊಂದು ಫಾರ್ಮಸಿ ನಡೆಸುತ್ತಾಳೆ. ರಾತ್ರಿ ಒಂಬತ್ತಕ್ಕೆ ಬೀಗ ಹಾಕಿ ಒಬ್ಬಳೇ ಕಾರಿನವರೆಗೆ ನಡೆಯಬೇಕು. ಕಳೆದ ತಿಂಗಳು ಪಕ್ಕದ ಅಂಗಡಿಗೆ ನುಗ್ಗಿ ದುಡ್ಡು ದೋಚಿದರು. ಆಮೇಲೆ ಅವಳೇ "ನಂಗೊಂದು ಪಿಸ್ತೂಲು ಬೇಕು, ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವಂಥದ್ದು" ಅಂದಳು. ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಇಬ್ಬರೂ ಇದುವರೆಗೆ ಒಂದು ಗುಂಡೂ ಹಾರಿಸಿದವರಲ್ಲ. ಅವಳ ಕೈ ಚಿಕ್ಕದು. ಹುಟ್ಟುಹಬ್ಬಕ್ಕೆ ಕೊಡೋಣ ಅಂತ ಪುಟ್ಟ, ಹಗುರವಾದ ರಿವಾಲ್ವರ್ ಒಂದನ್ನು ನೋಡಿಟ್ಟಿದ್ದೇನೆ. ಸರಿಯಾ? ಮನೆಯಲ್ಲಿ ಆರು ವರ್ಷದ ಮಗನೂ ಇದ್ದಾನೆ.

ಹ್ಯೂಸ್ಟನ್‌ನಿಂದ ಒಬ್ಬರು:

ತಮ್ಮಾ, ದಯವಿಟ್ಟು ಅದನ್ನು ತರಬೇಡಿ. ನಮ್ಮ ಯಜಮಾನರೂ ಹೀಗೇ ಪ್ರೀತಿಯಿಂದ ನನಗೆ ಸ್ಮಿತ್ ಅಂಡ್ ವೆಸನ್ 642 ತಂದುಕೊಟ್ಟಿದ್ದರು. ಐದು ಗುಂಡಿನ ರಿವಾಲ್ವರ್. ತೂಕ ನಾನೂರು ಗ್ರಾಂ ಚಿಲ್ಲರೆ ಅಷ್ಟೇ. ನೋಡಲು ಮುದ್ದಾಗಿತ್ತು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಹನ್ನೆರಡು ಗುಂಡು ಹಾರಿಸುವಷ್ಟರಲ್ಲಿ ಅಂಗೈ ಉರಿಯತೊಡಗಿತು. ಟ್ರಿಗರ್ ಎಷ್ಟು ಬಿಗಿ ಅಂದರೆ, ಎಳೆಯುವಾಗ ಇಡೀ ಕೈ ನಡುಗಿ ಗುಂಡು ಎಲ್ಲೋ ಹೋಗುತ್ತಿತ್ತು. ಎರಡು ವರ್ಷ ನಾನು ಅದನ್ನು ಮುಟ್ಟಲೇ ಇಲ್ಲ. ಅವರಿಗೆ ಬೇಜಾರಾಗುತ್ತದೆ ಅಂತ ಹೇಳಲೂ ಇಲ್ಲ.

ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಹಗುರವಾದಷ್ಟೂ ಜಾಸ್ತಿ ಒದೆಯುತ್ತದೆ. ತೂಕ ಇದ್ದರೆ ಆ ಒದೆತವನ್ನು ಅದೇ ನುಂಗಿಕೊಳ್ಳುತ್ತದೆ.

ಆಮೇಲೆ ಒಬ್ಬರು ಹೆಂಗಸು ತರಬೇತಿ ಕೊಡುವ ರೇಂಜಿಗೆ ಹೋದೆ. ಅಲ್ಲಿ ಬಾಡಿಗೆಗೆ ಬೇರೆ ಬೇರೆ ಪಿಸ್ತೂಲು ಸಿಗುತ್ತವೆ. ಗ್ಲಾಕ್ 19 ಹಾರಿಸಿದೆ. ಹದಿನೈದು ಗುಂಡು ಹಿಡಿಯುತ್ತದೆ, ಹಾರಿಸಲು ಹಿತವಾಗಿತ್ತು. ಆದರೆ ಹಿಡಿ ನನಗೆ ದಪ್ಪ. ಸಿಗ್ ಪಿ365 ಸಣ್ಣದಾದರೂ ಹತ್ತು ಗುಂಡು ಹಿಡಿಯುತ್ತದೆ, ಬಟ್ಟೆಯೊಳಗೆ ಕಾಣುವುದೇ ಇಲ್ಲ. ಅದರ ಸ್ಲೈಡ್, ಅಂದರೆ ಮೇಲ್ಭಾಗದಲ್ಲಿ ಹಿಂದೆಮುಂದೆ ಜಾರುವ ಭಾಗ ಮಾತ್ರ ನನ್ನಿಂದ ಹಿಂದಕ್ಕೆ ಎಳೆಯಲು ಆಗಲಿಲ್ಲ. ಆಗ ಆಕೆ ಹೇಳಿದರು, "ಎಳೀಬೇಡಿ. ಎಡಗೈಯಲ್ಲಿ ಸ್ಲೈಡನ್ನು ಮೇಲಿನಿಂದ ಗಟ್ಟಿಯಾಗಿ ಹಿಡಿದು, ಬಲಗೈಯಲ್ಲಿ ಪಿಸ್ತೂಲನ್ನೇ ಮುಂದಕ್ಕೆ ತಳ್ಳಿ." ಮೂರನೇ ಸಲಕ್ಕೆ ಬಂತು! ನನಗೆ ಬಲ ಇಲ್ಲ ಅಂತ ಕುಗ್ಗಿಹೋಗಿದ್ದೆ. ನನಗೆ ಗೊತ್ತಿಲ್ಲದೇ ಇದ್ದದ್ದು ವರಸೆ ಮಾತ್ರ.

ಕೊನೆಗೆ ನಾನು ಆರಿಸಿದ್ದು ಸ್ಮಿತ್ ಅಂಡ್ ವೆಸನ್‌ನವರ ಶೀಲ್ಡ್ ಈಝಡ್, 9 ಎಂಎಂ. 2020ರಲ್ಲಿ ಬಂದದ್ದು. ಎಂಟೇ ಗುಂಡು, ಆದರೆ ಸ್ಲೈಡ್ ಮೆತ್ತಗಿದೆ. ದಣಿದ ದಿನವೂ ನನ್ನ ಕೈಗೆ ಬಗ್ಗುತ್ತದೆ. ನಿಮ್ಮವರಿಗೆ ಇದೇ ಆಗಬೇಕು ಅಂತಲ್ಲ. ಅವರೇ ನಾಲ್ಕೈದು ಹಿಡಿದು ನೋಡಲಿ, ಹಾರಿಸಲಿ. ಹಿಡಿಯನ್ನು ತಿರುಚದೆ ಬೆರಳ ತುದಿ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ನಿಂತು ಹೇಳಿಕೊಡಲು ಹೋಗಬೇಡಿ. ಹೊರಗೆ ಕಾಫಿ ಕುಡಿಯುತ್ತಾ ಕೂತಿರಿ. ನಿಜವಾಗಿ ಹೇಳುತ್ತಿದ್ದೇನೆ.

ಇನ್ನೊಂದು. ವ್ಯಾನಿಟಿ ಬ್ಯಾಗಿನಲ್ಲಿ ಇಡುವುದು ಬೇಡವೇ ಬೇಡ. 2014ರ ಡಿಸೆಂಬರಿನಲ್ಲಿ ಐಡಾಹೊ ರಾಜ್ಯದ ಹೇಡನ್‌ನಲ್ಲಿ, ವಾಲ್‌ಮಾರ್ಟ್ ಒಳಗೆ, ಎರಡು ವರ್ಷದ ಮಗು ತಾಯಿಯ ಬ್ಯಾಗಿಗೆ ಕೈ ಹಾಕಿತು. ಪಿಸ್ತೂಲು ಸಿಡಿದು ತಾಯಿ ಅಲ್ಲೇ ಸತ್ತರು. ನನ್ನ ಮಗಳು ಆಗ ಅದೇ ವಯಸ್ಸಿನವಳು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಮೈಗೆ ಅಂಟಿಕೊಂಡೇ ಇರಬೇಕು, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್‌ನಲ್ಲಿ (ಪಿಸ್ತೂಲಿನ ಒರೆ). ಬೆಲ್ಟ್ ಇಲ್ಲದ ಬಟ್ಟೆಗೆ ಸೊಂಟಪಟ್ಟಿಯಂಥದ್ದು ಬರುತ್ತದೆ. ಅದರಲ್ಲೂ ಟ್ರಿಗರ್ ಜಾಗ ಗಟ್ಟಿಯಾಗಿ ಮುಚ್ಚುತ್ತದಾ ನೋಡಿ. ಕುರ್ತಾ ಹಾಕಿಕೊಂಡರೆ ಏನೂ ಕಾಣುವುದಿಲ್ಲ, ಆದರೆ ಅದನ್ನು ಮೇಲೆತ್ತಿ ಪಿಸ್ತೂಲು ತೆಗೆಯಲು ಸಮಯ ಹಿಡಿಯುತ್ತದೆ. ಅಂಗಡಿಗೆ ಹಾಕುವ ಬಟ್ಟೆಯಲ್ಲೇ ಕಾರಿನಲ್ಲಿ ಕೂತು, ಬಗ್ಗಿ, ಎದ್ದು ನೋಡಲಿ.

ಆಸ್ಟಿನ್‌ನಿಂದ ಒಬ್ಬರು:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕಿಗೆ, ಅಂದರೆ ಕೋವಿಗೆ, ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿಕೊಂಡೇ ಬೆಳೆದೆ. ಹಾಗಾಗಿ ಇಲ್ಲಿಗೆ ಬಂದಾಗ ನನಗೆಲ್ಲಾ ಗೊತ್ತು ಅಂದುಕೊಂಡಿದ್ದೆ. ಪಿಸ್ತೂಲು ಬೇರೆಯೇ ವಿಷಯ. ಉದ್ದ ನಳಿಗೆಯ ಕೋವಿಯ ಬಾಯಿ ಎತ್ತ ಇದೆ ಅಂತ ಮನೆಮಂದಿಗೆಲ್ಲಾ ಕಾಣುತ್ತದೆ. ಪಿಸ್ತೂಲು ಮಣಿಕಟ್ಟು ತಿರುಗಿದಷ್ಟು ಸುಲಭವಾಗಿ ಯಾರ ಕಡೆಗೋ ತಿರುಗಿಬಿಡುತ್ತದೆ. ಯಾವಾಗಲೂ ಗುಂಡು ತುಂಬಿದೆ ಅಂತಲೇ ತಿಳಿಯುವುದು, ಸುಡಬಾರದ್ದರ ಕಡೆಗೆ ಬಾಯಿ ತಿರುಗಿಸದಿರುವುದು, ಗುರಿ ಹಿಡಿಯುವವರೆಗೆ ಟ್ರಿಗರಿನಿಂದ ಬೆರಳು ಹೊರಗೆ, ಗುರಿಯ ಹಿಂದೆ ಏನಿದೆ ಅಂತ ನೋಡಿಕೊಳ್ಳುವುದು. ಈ ನಾಲ್ಕನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಿ, ಇಬ್ಬರೂ.

2021ರ ಸೆಪ್ಟೆಂಬರಿನಿಂದ ಟೆಕ್ಸಸ್‌ನಲ್ಲಿ 21 ತುಂಬಿದ, ಕಾನೂನಿನ ಅಡ್ಡಿ ಇಲ್ಲದವರಿಗೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಕಡ್ಡಾಯ ಅಲ್ಲ. ಆದರೂ ನಿಮ್ಮ ಹೆಂಡತಿ ಲೈಸೆನ್ಸ್ ಮಾಡಿಸಲಿ. ಅದರ ಪರೀಕ್ಷೆಯಲ್ಲಿ ಮೂರು, ಏಳು, ಹದಿನೈದು ಗಜದಿಂದ ಒಟ್ಟು 50 ಗುಂಡು ಹಾರಿಸಬೇಕು. 250ಕ್ಕೆ 175 ಬಂದರೆ ಪಾಸು. ಎಲ್ಲಿಗೆ ಒಯ್ಯಬಾರದು, 30.06 ಬೋರ್ಡ್ (ಲೈಸೆನ್ಸ್ ಇದ್ದವರೂ ಪಿಸ್ತೂಲು ಬಚ್ಚಿಟ್ಟುಕೊಂಡು ಒಳಗೆ ಬರಬಾರದು ಅನ್ನುವ ಫಲಕ) ಅಂದರೇನು ಅಂತೆಲ್ಲಾ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಮಗನನ್ನು ಶಾಲೆಗೆ ಬಿಡಲು ಹೋಗುವವರಿಗೆ ಇದು ಮುಖ್ಯ. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಪಿಸ್ತೂಲು ಒಯ್ಯುವುದನ್ನು ತಡೆಯುವ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಬೇರೆ ಇದೆ, ಅಲ್ಲಿ ಲೈಸೆನ್ಸ್ ಇದ್ದವರಿಗೆ ಅನುಕೂಲ.

ಉಡುಗೊರೆ ಕೊಡುವುದು ತಪ್ಪಲ್ಲ. ಆದರೆ ಅವರ ದುಡ್ಡಿನಲ್ಲಿ ನೀವು ನಿಮ್ಮ ಹೆಸರಿಗೆ ಕೊಂಡು ಕೊಟ್ಟರೆ ಅದು ಅಪರಾಧ. ಅವರೇ ಅಂಗಡಿಗೆ ಹೋಗಿ, ಪಿಸ್ತೂಲು ಕೊಳ್ಳುವವರು ತುಂಬಬೇಕಾದ 4473 ಫಾರಂ ತುಂಬಿದರೆ ಯಾವ ತಕರಾರೂ ಇಲ್ಲ. ಇದನ್ನು ಓದುವ ಎಚ್1ಬಿ ವೀಸಾದವರೂ ಗಮನಿಸಿ: ನಿಮಗೆ ಸಾಮಾನ್ಯವಾಗಿ ಕೊಳ್ಳಲೂ ಇಟ್ಟುಕೊಳ್ಳಲೂ ಬರುವುದಿಲ್ಲ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಸ್ಯಾನ್ ಆಂಟೋನಿಯೋದಿಂದ ಒಬ್ಬರು:

ಮಗ ಇದ್ದಾನೆ ಅಂದಿರಲ್ಲ, ಹಾಗಾದರೆ ಪೆಟ್ಟಿಗೆ ಮೊದಲು, ಪಿಸ್ತೂಲು ಆಮೇಲೆ. ನಮ್ಮದು ಬೆರಳಿನಿಂದ ನಂಬರ್ ಒತ್ತಿ ತೆಗೆಯುವ ಉಕ್ಕಿನ ಪೆಟ್ಟಿಗೆ, ಬೀರುವಿನೊಳಗೆ ಬೋಲ್ಟ್ ಹಾಕಿ ಕೂರಿಸಿದ್ದೇವೆ. ಮೈಮೇಲೆ ಇಲ್ಲದಿದ್ದರೆ ಪಿಸ್ತೂಲು ಅದರಲ್ಲಿ. ಮಧ್ಯೆ ಮೇಜು, ದಿಂಬಿನಡಿ, ಫ್ರಿಜ್ ಮೇಲೆ ಅನ್ನುವುದೇ ಇಲ್ಲ. 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ಗುಂಡು ತುಂಬಿದ ಪಿಸ್ತೂಲು ಬಿಟ್ಟು, ಅದು ಅವರಿಗೆ ಸಿಕ್ಕಿಬಿಟ್ಟರೆ ಟೆಕ್ಸಸ್‌ನಲ್ಲೂ ಅಪರಾಧ.

ನಮ್ಮವರಿಗೆ ಮಾತ್ರ ಬರುವ ಒಂದು ತೊಂದರೆ ಹೇಳುತ್ತೇನೆ. ನನ್ನ ಭಾವ ರೇಂಜಿಗೆ ಒಯ್ಯುತ್ತಿದ್ದ ಬೆನ್ನುಚೀಲವನ್ನೇ ಊರಿಗೆ ತೆಗೆದುಕೊಂಡು ಹೋದರು. ಪಕ್ಕದ ಜೇಬಿನಲ್ಲಿ ಒಂದೇ ಒಂದು ಗುಂಡು ಉಳಿದಿತ್ತು. ವಾಪಸ್ ಬರುವಾಗ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕಿಬಿತ್ತು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಗುಂಡು ಇಟ್ಟುಕೊಂಡರೆ 1959ರ ಆಯುಧ ಕಾಯ್ದೆಯ ಕೆಳಗೆ ಕೇಸು. ವಿಮಾನ ತಪ್ಪಿತು, ಪೊಲೀಸ್ ಠಾಣೆ, ವಕೀಲರು, ವಯಸ್ಸಾದ ಅತ್ತೆಯ ಅಳು. ರೇಂಜಿನ ಚೀಲಕ್ಕೆ ಕೆಂಪು ದಾರ ಕಟ್ಟಿ ಗ್ಯಾರೇಜಿನಲ್ಲೇ ಇಡಿ. ಅದು ಬೇರೆ ಯಾವ ಕೆಲಸಕ್ಕೂ ಬೇಡ.

ಕೇಳಿದವರು:

ಅಕ್ಕಂದಿರಿಗೂ ಅಣ್ಣನಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ರಿವಾಲ್ವರ್ ವಿಷಯ ಬಿಟ್ಟಾಯಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೆಂಗಸರದ್ದೇ ಒಂದು ಕ್ಲಾಸಿಗೆ ಅವಳೇ ಹೆಸರು ಬರೆಸಿದ್ದಾಳೆ. ಪೆಟ್ಟಿಗೆ ತರುವ ಕೆಲಸ ನನಗೆ ಬಿಟ್ಟಿದ್ದಾಳೆ.