ಮಾರಿಸ್ ಮೈನರ್ ಟ್ರಾವೆಲರ್: ಲಡ್ಡು ಹಿಡಿದ ಮರಕ್ಕೆ ತೇಪೆ ಹಾಕಬೇಕೋ, ಇಡೀ ಬದಿಯನ್ನೇ ಬದಲಿಸಬೇಕೋ?

ಲೆಸ್ಟರ್‌ನ ಹೊಸಬ:

ಎಲ್ಲರಿಗೂ ನಮಸ್ಕಾರ. ನನ್ನ ಊರು ತಿಪಟೂರು. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ವಾಸವಾಗಿದ್ದೇನೆ. ಕಳೆದ ಅಕ್ಟೋಬರಿನಲ್ಲಿ ನಮ್ಮ ಬೀದಿಯ ನಿವೃತ್ತ ಶಿಕ್ಷಕರೊಬ್ಬರಿಂದ 1967ರ ಮಾರಿಸ್ ಮೈನರ್ 1000 ಟ್ರಾವೆಲರ್ ಕಾರೊಂದನ್ನು ಕೊಂಡೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಮುಂದಿನ ಬಾಗಿಲುಗಳಿಂದ ಹಿಂದಕ್ಕೆ ಮರದ ಚೌಕಟ್ಟಿರುವ, ಹಿಂಬದಿಯಲ್ಲಿ ಬೀರುವಿನಂತೆ ಎರಡು ಬಾಗಿಲು ತೆರೆಯುವ ಮಾದರಿ. 1098 ಸಿಸಿ ಎಂಜಿನ್ ಬಗ್ಗೆ ನನಗೆ ದೂರಿಲ್ಲ. ಚಳಿಗಾಲದ ಬೆಳಿಗ್ಗೆಯೂ ಚೋಕ್ ಎಳೆದರೆ ಎರಡನೆಯ ಪ್ರಯತ್ನಕ್ಕೆ ಹತ್ತಿಕೊಳ್ಳುತ್ತದೆ.

ತೊಂದರೆ ಇರುವುದು ಮರದಲ್ಲಿ. ಮಾರ್ಚಿನಲ್ಲಿ ಕಾರು ತೊಳೆಯುತ್ತಿದ್ದಾಗ ಎಡಬದಿಯ ಜಾರುಗಾಜಿನ ಕಾಲುವೆಯಲ್ಲಿ ಹಸಿರು ಪಾಚಿ ಬೆಳೆದಿರುವುದನ್ನು ಕಂಡೆ. ಮೊದಲು ನಗು ಬಂತು. ಪಾಚಿಯನ್ನು ಕೆರೆಯಲು ಸ್ಕ್ರೂಡ್ರೈವರ್ ಹಾಕಿದಾಗ ಅದು ಒದ್ದೆ ಬ್ರೆಡ್ಡಿಗೆ ಇಳಿದಂತೆ ಅರ್ಧ ಬೆರಳಿನಷ್ಟು ಒಳಕ್ಕೆ ಹೋಯಿತು. ಅನುಮಾನ ಬಂದು ಕೆಳಗೆ ನೋಡಿದರೆ, ಹಿಂದಿನ ಚಕ್ರದ ಕಮಾನು ಅಡಿಪಟ್ಟಿಯನ್ನು ಸೇರುವ ಮೂಲೆಯಲ್ಲಿ ಯಾರೋ ಪುಟ್ಟಿ ತುಂಬಿ, ಅದು ಕಾಣಿಸದಂತೆ ಕಡುಗಂದು ವಾರ್ನಿಷ್ ಬಳಿದಿದ್ದಾರೆ. ಪುಟ್ಟಿಯ ಹಿಂದೆ ಮರವೇ ಇಲ್ಲ. ಬಲಬದಿ ಮೇಲುನೋಟಕ್ಕೆ ಗಟ್ಟಿಯಾಗಿದೆ.

ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ತುಂಡು ಕೂಡಿಸಿದರೆ ಸಾಲದೇ, ಅಥವಾ ಇಡೀ ಎಡಬದಿಯನ್ನೇ ಹೊಸದಾಗಿ ಹಾಕಿಸಬೇಕೇ? ಐವತ್ತು ವರ್ಷಕ್ಕೂ ಮೀರಿ ಬಾಳಿದ ಮೂಲ ಮರವನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಇನ್ನೊಂದು ಸಂಗತಿ: ಈ ಚೌಕಟ್ಟಿನ ಆ್ಯಶ್ ಮರ ಹೀಗೆ ಕೊಳೆಯುವುದಾದರೆ ನಮ್ಮ ತೇಗವನ್ನು ಬಳಸಬಾರದೇಕೆ? ಸ್ಪ್ಯಾನರ್ ಕೆಲಸ ನನಗೆ ಒಗ್ಗಿದೆ. ಆದರೆ ಮರಗೆಲಸದಲ್ಲಿ ಶಾಲೆಯಲ್ಲಿದ್ದಾಗ ಮಾಡಿದ ಒಂದು ಕುಂಟು ಸ್ಟೂಲೇ ನನ್ನ ಒಟ್ಟು ಸಾಧನೆ.

---

ಉಳಿ_ಗರಗಸ (ಬ್ರಿಸ್ಟಲ್):

ನಮಸ್ಕಾರ. ಸ್ಟೂಲು ಕುಂಟಿದ್ದರೆ ಚಿಂತೆಯಿಲ್ಲ, ಟ್ರಾವೆಲರ್‌ಗೆ ಚಕ್ರಗಳಿವೆ. ನಾನು ಎರಡು ಟ್ರಾವೆಲರ್‌ಗಳ ಮರವನ್ನು ನನ್ನ ಗ್ಯಾರೇಜಿನಲ್ಲಿಯೇ ಮಾಡಿದ್ದೇನೆ; ವೃತ್ತಿಯಿಂದ ಬಡಗಿಯಲ್ಲ, ಹುಚ್ಚಿನಿಂದ.

ಮೊದಲಿಗೆ ಒಂದು ತಪ್ಪುಗ್ರಹಿಕೆಯನ್ನು ಬಿಡಬೇಕು. ಈ ಮರ ಅಲಂಕಾರಕ್ಕೆ ಅಂಟಿಸಿದ್ದಲ್ಲ. 1953ರಲ್ಲಿ ಟ್ರಾವೆಲರ್ ಬಂದಾಗಿನಿಂದ 1971ರಲ್ಲಿ ನಿಲ್ಲುವವರೆಗೂ ಹಿಂಭಾಗದ ಅಲ್ಯೂಮಿನಿಯಂ ಛಾವಣಿಯನ್ನೂ ಪಕ್ಕದ ಹಾಳೆಗಳನ್ನೂ ಗಾಜನ್ನೂ ಹೊತ್ತು ನಿಂತಿರುವುದು ಈ ಚೌಕಟ್ಟೇ. ನಮ್ಮ ತೊಟ್ಟಿಮನೆಯ ಕಂಬ–ತೊಲೆಗಳಂತೆ ಇದನ್ನು ನೋಡಬೇಕೇ ಹೊರತು ಬಾಗಿಲಿನ ಕೆತ್ತನೆಯಂತೆ ಅಲ್ಲ. ಎಂಓಟಿ (ಬ್ರಿಟನ್ನಿನಲ್ಲಿ ವಾಹನಗಳ ವಾರ್ಷಿಕ ಸುರಕ್ಷತಾ ಪರೀಕ್ಷೆ) ತಪಾಸಣೆ ಮಾಡುವವರೂ ಇದನ್ನು ಬಾಡಿಯ ಭಾಗವೆಂದೇ ಪರಿಗಣಿಸುತ್ತಾರೆ. ಭಾರ ಹೊರುವ ಜಾಗದಲ್ಲಿ ಮರ ಕೊಳೆತಿದ್ದರೆ ಕಾರು ಅನುತ್ತೀರ್ಣವಾಗಬಹುದು.

ಹಾಗಾಗಿ ತೇಪೆ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಆ ತುಂಡು ಏನು ಹೊರುತ್ತಿದೆ ಎಂಬುದರ ಮೇಲೆ ನಿಂತಿದೆ. ಕಿಟಕಿಯ ಕೆಳಗಿನ ನಡುಪಟ್ಟಿಯಲ್ಲಿ, ಎರಡು ಕಂಬಗಳ ಮಧ್ಯೆ ಕೊಳೆತಿದ್ದರೆ, ಗಟ್ಟಿ ಮರ ಸಿಗುವ ತನಕ ಹಿಂದೆ ಸರಿದು, ಒಂದು ಅಂಗುಲ ದಪ್ಪಕ್ಕೆ ಎಂಟು ಅಂಗುಲ ಉದ್ದದ ಲೆಕ್ಕದಲ್ಲಿ ಓರೆಯಾಗಿ ಸೀಳಿ, ಹೊಸ ತುಂಡನ್ನು ನೀರಿಗೆ ಬಿಡದ ಅಂಟಿನಿಂದ ಕೂಡಿಸಬಹುದು. ಚೆನ್ನಾಗಿ ತೋಪಡ ಹೊಡೆದು ಎಳೆಗೆ ಎಳೆ ಹೊಂದಿಸಿದರೆ ಆ ಜೋಡಣೆಯನ್ನು ಹುಡುಕಿ ನೋಡಬೇಕಾಗುತ್ತದೆ. ಆದರೆ ಚಕ್ರದ ಕಮಾನು ಮತ್ತು ಅಡಿಪಟ್ಟಿ ಸೇರುವ ಮೂಲೆ ಹಾಗಲ್ಲ. ಅಲ್ಲಿ ಚಕ್ರ ಎರಚುವ ಕೆಸರು ನಿಲ್ಲುತ್ತದೆ, ಮೇಲಿನಿಂದ ಕಂಬದ ಭಾರ ಇಳಿಯುತ್ತದೆ, ರಸ್ತೆಯ ಪ್ರತಿಯೊಂದು ಗುಂಡಿಯೂ ಅಲ್ಲಿಗೆ ಬಂದು ಮುಟ್ಟುತ್ತದೆ. ಆ ಮೂಲೆಗೆ ತೇಪೆ ಹಾಕಿದರೆ ಎರಡನೆಯ ಮಳೆಗಾಲಕ್ಕೆ ಮತ್ತೆ ಅದೇ ಕೆಲಸ. ಅಡಿಪಟ್ಟಿಯನ್ನೂ ಕಮಾನಿನ ಮರವನ್ನೂ ಪೂರ್ತಿಯಾಗಿ ಬದಲಿಸಿ. ಆಕಾರಕ್ಕೆ ಕತ್ತರಿಸಿದ ಬಿಡಿ ತುಂಡುಗಳೂ, ಕೂಡಿಸಿ ಸಿದ್ಧಪಡಿಸಿದ ಇಡೀ ಬದಿಯೂ ಇಲ್ಲಿ ಮಾರಾಟಕ್ಕೆ ದೊರೆಯುತ್ತವೆ.

ತೇಗದ ವಿಷಯ. ನನ್ನ ಸೋದರಮಾವನೂ ಇದನ್ನೇ ಕೇಳಿದ್ದರು. ನಮ್ಮ ಕಡೆ ಎತ್ತಿನ ಗಾಡಿಯ ಚಕ್ರಕ್ಕೆ ತೇಗವಿದ್ದರೂ ಕರಿಜಾಲಿಯನ್ನು ಹುಡುಕಿಕೊಂಡು ಹೋಗುತ್ತಿದ್ದುದೇಕೆ? ಪೆಟ್ಟು ತಿನ್ನುವ ಕೆಲಸಕ್ಕೆ ಬೇರೆಯೇ ಗುಣ ಬೇಕು. ಆ್ಯಶ್‌ಗೆ ನೀರು ತಡೆಯುವ ಶಕ್ತಿ ಬಹಳ ಕಡಿಮೆ, ಅದು ನಿಜ. ಆದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕಿದೆ. ಇಲ್ಲಿನ ಸುತ್ತಿಗೆ, ಗುದ್ದಲಿಗಳ ಹಿಡಿಗೆ ಅದನ್ನೇ ಬಳಸುತ್ತಾರೆ, ಮಾಲ್ವರ್ನ್‌ನ ಮಾರ್ಗನ್ ಕಾರುಗಳ ಬಾಡಿಯ ಚೌಕಟ್ಟಿಗೆ ಇಂದಿಗೂ ಅದೇ ಮರ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಸರಿಯಾಗಿ ಕಚ್ಚುವುದೂ ಕಷ್ಟ. ಆ್ಯಶ್ ಮರಗಳನ್ನೇ ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಮೇಲೆ ಒಳ್ಳೆಯ ಹಲಗೆಯನ್ನು ನೋಡಿ ಆರಿಸುವುದು ಇನ್ನಷ್ಟು ಅಗತ್ಯವಾಗಿದೆ. ಎಳೆ ನೇರವಾಗಿರಲಿ, ಗಂಟು ಇರದಿರಲಿ.

ಕಳಚುವಾಗ ಎರಡೂ ಬದಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಬಲಬದಿ ನಿಂತಿರುವಾಗಲೇ ಛಾವಣಿಗೆ ಒಳಗಿನಿಂದ ಆಸರೆ ಕೊಟ್ಟು ಎಡಬದಿಯನ್ನು ತೆಗೆಯಿರಿ. ಹಿಂಬಾಗಿಲುಗಳು ಮುಚ್ಚುವ ಸಂದನ್ನು ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ಹೊಸ ಮರ ಹಾಕುವ ಮುನ್ನ ಎಲ್ಲ ಮುಖಗಳಿಗೂ, ಮುಖ್ಯವಾಗಿ ಕಣ್ಣಿಗೆ ಬೀಳದ ಕೊಯ್ದ ತುದಿಗಳಿಗೆ, ರಕ್ಷಕ ಲೇಪ ಕುಡಿಸಬೇಕು. ದಪ್ಪ ವಾರ್ನಿಷ್ ಹೊಳೆಯುತ್ತದೆ ನಿಜ, ಆದರೆ ಒಂದು ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಉಸಿರಾಡಲು ಬಿಡುವ ತೆಳು ಲೇಪವನ್ನು ವರ್ಷಕ್ಕೊಮ್ಮೆ ಬಳಿಯುವುದೇ ನನ್ನ ಪದ್ಧತಿ.

---

ಕವೆಂಟ್ರಿ ಕಮಲ:

ಉಳಿ_ಗರಗಸ ಅವರು ಮರದ ಬಗ್ಗೆ ಬರೆದಿರುವುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಮರಕ್ಕೆ ಕೈ ಹಾಕುವ ಮುನ್ನ ಕಬ್ಬಿಣವನ್ನು ನೋಡಬೇಕಿತ್ತು ಎಂದು ಯಾರೂ ಹೇಳಲಿಲ್ಲವಲ್ಲ!

ನಮ್ಮ ಮನೆಯ ಕಥೆ ಕೇಳಿ. ನಮ್ಮವರ ಟ್ರಾವೆಲರ್‌ಗೆ ಒಂದು ವರ್ಕ್‌ಶಾಪಿನವರು ದುಬಾರಿ ಹಣ ಪಡೆದು ಎಡಬದಿಗೆ ಹೊಸ ಮರ ಹಾಕಿಕೊಟ್ಟರು. ಕಾರು ಮದುವಣಗಿತ್ತಿಯಂತೆ ಮನೆಗೆ ಬಂತು. ಮೂರನೆಯ ವರ್ಷ ತಪಾಸಣೆಗೆ ಮೇಲೆತ್ತಿದಾಗ ಹಿಂದಿನ ಲೀಫ್ ಸ್ಪ್ರಿಂಗಿನ ಮುಂತುದಿಯನ್ನು ಹಿಡಿದಿರುವ ಹ್ಯಾಂಗರ್ ಸುತ್ತಲಿನ ತಗಡು ಹಪ್ಪಳದಂತೆ ಮುರಿಯುತ್ತಿತ್ತು, ಹೊಸ ಮರದ ಹಿಂದಿದ್ದ ಚಕ್ರದ ಕಮಾನಿನ ಕಬ್ಬಿಣದಲ್ಲಿ ಕೈಬೆರಳು ತೂರುತ್ತಿತ್ತು. ಮರ ಹಾಕಿದವರಿಗೆ ಅದು ಕಾಣದೇ ಇರಲು ಸಾಧ್ಯವಿಲ್ಲ. ವೆಲ್ಡಿಂಗ್ ಮಾಡಬೇಕೆಂದರೆ ಹಣ ಕೊಟ್ಟು ಹಾಕಿಸಿದ ಅದೇ ಮರವನ್ನು ಮತ್ತೆ ಕಳಚಬೇಕು, ಏಕೆಂದರೆ ಒಣಮರದ ಪಕ್ಕದಲ್ಲಿ ಕಿಡಿ ಹಾರಿಸುವಂತಿಲ್ಲ. ಹೀಗೆ ಎರಡು ಚಳಿಗಾಲ ಆ ಕಾರು ತುಂಡು ತುಂಡಾಗಿ ನಮ್ಮ ಗ್ಯಾರೇಜಿನಲ್ಲಿ ಮಲಗಿತ್ತು, ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗಲು ನಾನು ಬಾಗಿಲುಗಳನ್ನು ದಾಟಿಕೊಂಡು ಹೋಗಬೇಕಿತ್ತು.

ಆದ್ದರಿಂದ ಹೊಸಬರೇ, ಮೊದಲು ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ (ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ದಯವಿಟ್ಟು ಹೋಗಬೇಡಿ), ಸ್ಪ್ರಿಂಗ್ ಹ್ಯಾಂಗರ್, ಒಳಗಿನ ಸಿಲ್ (ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ತಗಡಿನ ಪಟ್ಟಿ), ಜಾಕ್ ಹಾಕುವ ಜಾಗ ಮತ್ತು ಮುಂದಿನ ಅಡ್ಡತೊಲೆಯ ತುದಿಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ಲೋಹ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು, ಅಥವಾ ಯಾರೋ ಟಿಂಕರಿಂಗ್ ಹೆಸರಿನಲ್ಲಿ ಫಿಲ್ಲರ್ ತುಂಬಿದ್ದು, ಮಡಕೆಯಂತೆ ಮಂದವಾಗಿ ಸದ್ದು ಮಾಡುತ್ತದೆ. ಅಲ್ಲಿ ಕೆಲಸವಿದ್ದರೆ ಮರ ಕಳಚಿರುವಾಗಲೇ ಮುಗಿಸಿ. ಪೆಟ್ರೋಲ್ ಟ್ಯಾಂಕು ಹಿಂಭಾಗದ ನೆಲದ ಅಡಿಯಲ್ಲೇ ಇರುವುದರಿಂದ ಅದನ್ನು ಇಳಿಸದೆ ಆ ಕಡೆ ವೆಲ್ಡಿಂಗ್ ಬೇಡ. ಬ್ಯಾಟರಿಯನ್ನು ಮರಳಿ ಜೋಡಿಸುವಾಗ ನಿಮ್ಮ ಕಾರಿನಲ್ಲಿ ಮೂಲ ಡೈನಮೊ ಇನ್ನೂ ಇದ್ದರೆ, ಕಾರಿನ ಬಾಡಿಯ ಲೋಹಕ್ಕೆ ಜೋಡಿಸುವ ತಂತಿ ಪಾಸಿಟಿವ್ ಎಂಬುದನ್ನು ಮರೆಯಬೇಡಿ. ಈಗಿನ ಕಾರುಗಳ ಅಭ್ಯಾಸದಲ್ಲಿ ತಿರುಗಾಮುರುಗಾ ಹಾಕಿದವರಿದ್ದಾರೆ.

ಎಂಓಟಿಯ ಬಗ್ಗೆ ಒಂದು ಮಾತು. 2018ರ ಮೇ ತಿಂಗಳಿನಿಂದ, ಗಣನೀಯವಾಗಿ ಮಾರ್ಪಡಿಸದ, 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿಯಿದೆ. ನಿಮ್ಮ ಕಾರಿಗೂ ಅದು ಅನ್ವಯಿಸುತ್ತದೆ. ನಾವು ಆ ವಿನಾಯಿತಿಯನ್ನು ಬಳಸುವುದಿಲ್ಲ. ವರ್ಷಕ್ಕೊಮ್ಮೆ ಬೇರೆಯವರ ಕಣ್ಣು ಕಾರಿನ ಹೊಟ್ಟೆಯ ಮೇಲೆ ಬೀಳುವುದು ಒಳ್ಳೆಯದು, ಅದರಲ್ಲೂ ಮಾರುವವನೂ ಕೊಳ್ಳುವವನೂ ಮೋಹದಲ್ಲಿರುವ ಇಂಥ ಕಾರುಗಳಿಗೆ.

ಮೂಲ ಮರದ ವ್ಯಾಮೋಹ ನನಗೂ ಅರ್ಥವಾಗುತ್ತದೆ. ಗಟ್ಟಿಯಾಗಿರುವ ಬಲಬದಿಯನ್ನು ಮುಟ್ಟಲೇಬೇಡಿ. ಹೊಸದು ಹಳದಿಯಾಗಿ, ಹಳೆಯದು ಜೇನಿನ ಬಣ್ಣದಲ್ಲಿ ಕಾಣುವುದೆಂದು ಬೇಸರಪಟ್ಟು ಎರಡನ್ನೂ ಬದಲಿಸುವವರಿದ್ದಾರೆ. ನನ್ನ ಪ್ರಕಾರ ಅದು ದುಂದು.

---

ಮೈಸೂರಿನ ಬೇಬಿ:

ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಟ್ರಾವೆಲರ್ ಇಲ್ಲ, ಅದರ ಅಕ್ಕ ಇದ್ದಾಳೆ: ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದಲ್ಲಿ ಮಾರಿದ ಬೇಬಿ ಹಿಂದೂಸ್ತಾನ್. ಇಬ್ಭಾಗವಾದ ಮುಂಗಾಜು, 918 ಸಿಸಿ ಸೈಡ್‌ವಾಲ್ವ್ ಎಂಜಿನ್ ಇರುವ ಮೊದಲ ಕಾಲದ ಮೈನರ್ ಅದು. ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದಿದೆ. ಮರದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ, ಆದರೆ ಎರಡೂ ಕಾರುಗಳ ಮುಂದಿನ ಸಸ್ಪೆನ್ಷನ್ ಮೈನರ್‌ನ ವಿನ್ಯಾಸಕ ಅಲೆಕ್ ಇಸಿಗೊನಿಸ್ 1948ರಲ್ಲಿ ತಂದ ಒಂದೇ ಏರ್ಪಾಡು, ಅದರ ರೋಗವೂ ಒಂದೇ.

ಮುಂದಿನ ಚಕ್ರವನ್ನು ಹೊತ್ತ ನೆಟ್ಟನೆಯ ಪಿನ್ನಿನ ಮೇಲೂ ಕೆಳಗೂ ಟ್ರನಿಯನ್ ಎಂಬ ತಿರುಪಿನ ತುಂಡುಗಳಿವೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಪಿನ್ನು ಆ ತಿರುಪಿನಲ್ಲಿ ಸುತ್ತುತ್ತದೆ. ಗ್ರೀಸ್ ಒಣಗಿದರೆ ಕೆಳಗಿನ ತುಂಡಿನ ತಿರುಪಿನ ಎಳೆಗಳು ಸವೆದು, ಒಂದು ದಿನ ಪಿನ್ನು ಕಳಚಿ ಬರುತ್ತದೆ. ನಮ್ಮ ಗಾಡಿಗೆ ಅದು ಆದದ್ದು ಮನೆಯ ಗೇಟಿನೊಳಗೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ. ಚಕ್ರ ಕಾಲು ಮಡಚಿದ ಎಮ್ಮೆಯಂತೆ ಕುಸಿಯಿತು, ಮಡ್‌ಗಾರ್ಡ್ ನೆಲಕ್ಕೆ ಒರಗಿತು. ಗೇಟಿನ ಬದಲು ಚಾಮುಂಡಿ ಬೆಟ್ಟದ ತಿರುವಿನಲ್ಲಿ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಂದಿನಿಂದ ನಾನು ಲೆಕ್ಕ ತಪ್ಪದೆ ಗ್ರೀಸ್ ಗನ್ ಹಿಡಿಯುತ್ತೇನೆ. ಚಕ್ರ ನೆಲದ ಮೇಲಿರುವಾಗ ತುಂಬಿದರೆ ಭಾರ ಬಿದ್ದ ಮುಖಕ್ಕೆ ಗ್ರೀಸ್ ಹೋಗುವುದಿಲ್ಲ. ಚಕ್ರವನ್ನು ಎತ್ತಿ, ಹಳೆಯ ಕರಿ ಗ್ರೀಸ್ ಹೊರಬಂದು ಹೊಸದು ಇಣುಕುವ ತನಕ ಒತ್ತಬೇಕು. ಹೊಸಬರು ಕೊಳೆತ ಮರವನ್ನು ನೋಡಿ ಗಾಬರಿಯಾಗಿದ್ದಾರೆ, ಸರಿಯೇ. ಆದರೆ ಕೊಳೆತ ಮರ ಪಾಚಿಯ ಮೂಲಕವಾದರೂ ಮುನ್ಸೂಚನೆ ಕೊಡುತ್ತದೆ. ಟ್ರನಿಯನ್ ಕೊಡುವುದಿಲ್ಲ. ನಿಮ್ಮ ಶಿಕ್ಷಕರು ಕಡೆಯ ಬಾರಿ ಗ್ರೀಸ್ ಹಾಕಿದ್ದು ಯಾವಾಗ ಎಂದು ಕೇಳಿದ್ದೀರಾ, ಸರ್?

---

ಲೆಸ್ಟರ್‌ನ ಹೊಸಬ:

ಮೂವರಿಗೂ ಅನಂತ ಧನ್ಯವಾದಗಳು. ಎರಡು ವಾರ ತಡವಾಗಿ ಉತ್ತರಿಸುತ್ತಿರುವುದಕ್ಕೆ ಕಾರಣ, ನೀವು ಹೇಳಿದ್ದನ್ನು ಮಾಡುತ್ತಿದ್ದೆ.

ಕಮಲ ಅವರೇ, ತಟ್ಟುತ್ತಾ ಹೋದೆ. ಸಿಲ್ಲುಗಳೂ ಅಡ್ಡತೊಲೆಯೂ ಟಣ್ ಎಂದವು. ಎಡ ಹಿಂದಿನ ಹ್ಯಾಂಗರಿನ ಹತ್ತಿರ ಅಂಗೈಯಗಲದ ಜಾಗ ಮಡಕೆಯ ಸದ್ದು ಮಾಡಿತು. ಕೆರೆದಾಗ ಫಿಲ್ಲರ್, ಅದರ ಒಳಗೆ ಮುದ್ದೆ ಮಾಡಿ ತುರುಕಿದ ಹಳೆಯ ಪತ್ರಿಕೆಯ ಕಾಗದ. ಕ್ರಿಕೆಟ್ ಅಂಕಪಟ್ಟಿಯ ಒಂದು ತುಣುಕು ಇನ್ನೂ ಓದಲು ಬರುತ್ತಿತ್ತು. ಹೀಗಾಗಿ ಎಡಬದಿಯ ಮರ ಹೇಗೂ ಕಳಚಲೇಬೇಕು. ಉಳಿ_ಗರಗಸ ಅವರ ಮಾತಿನಂತೆ ಅಡಿಪಟ್ಟಿ ಮತ್ತು ಕಮಾನಿನ ಮರವನ್ನು ಹೊಸದಾಗಿ ತರಿಸುತ್ತೇನೆ, ನಡುಪಟ್ಟಿಗೆ ಮಾತ್ರ ಓರೆ ಜೋಡಣೆ. ವೆಲ್ಡಿಂಗನ್ನು ಬಲ್ಲವರಿಗೆ ಒಪ್ಪಿಸಿ, ಮರ ಹಾಕುವ ಮುನ್ನ ಆ ಜಾಗವನ್ನು ನಾನೇ ನೋಡುತ್ತೇನೆ ಎಂದು ಷರತ್ತು ಹಾಕಿದ್ದೇನೆ.

ಮೈಸೂರಿನವರ ಪ್ರಶ್ನೆಯನ್ನು ಶಿಕ್ಷಕರ ಮುಂದಿಟ್ಟೆ. ಅವರು ಸ್ವಲ್ಪ ಯೋಚಿಸಿ, "ಗ್ರೀಸೇ? ಅದನ್ನೆಲ್ಲ ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಳು," ಎಂದರು. ಆಕೆ ತೀರಿಕೊಂಡು ಒಂಬತ್ತು ವರ್ಷಗಳಾಗಿವೆ. ಮನೆಗೆ ಬಂದವನೇ ಮುಂದಿನ ಚಕ್ರಗಳನ್ನೆತ್ತಿ ಗನ್ ಹಚ್ಚಿದರೆ ಬಲಗಡೆಯ ಕೆಳಗಿನ ನಿಪ್ಪಲ್ (ಗ್ರೀಸ್ ತುಂಬುವ ಬಾಯಿ) ಗ್ರೀಸನ್ನು ಒಳಗೆ ಬಿಡಲೇ ಇಲ್ಲ, ಅದು ಬಣ್ಣದಿಂದ ಮುಚ್ಚಿಹೋಗಿತ್ತು. ಚಕ್ರದ ಅಡಿಗೆ ಹಾರೆ ಕೊಟ್ಟು ಎತ್ತಿದಾಗ ಅದು ಕಣ್ಣಿಗೆ ಕಾಣುವಷ್ಟು ಮೇಲೆ ಕೆಳಗೆ ಆಡಿತು. ಎರಡೂ ಬದಿಯ ಪಿನ್ನು ಮತ್ತು ಟ್ರನಿಯನ್‌ಗಳಿಗೆ ಆರ್ಡರ್ ಕೊಟ್ಟಿದ್ದೇನೆ. ಅವು ಬಂದು ಕೂರುವ ತನಕ ಕಾರು ಗ್ಯಾರೇಜಿನಿಂದ ಹೊರಗೆ ಬರುವುದಿಲ್ಲ.

ಪಿನ್ನು ಬದಲಿಸಲು ಟಾರ್ಷನ್ ಬಾರ್ (ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಸರಳು) ಸಡಿಲಿಸುವ ಮುನ್ನ ಅದರ ಹಿಂತುದಿಯ ಹಲ್ಲುಗಳಿಗೆ ಗುರುತು ಹಾಕಿಕೊಳ್ಳಬೇಕೆಂದು ಕೈಪಿಡಿಯಲ್ಲಿ ಓದಿದೆ. ಆ ಕೆಲಸವನ್ನು ಒಬ್ಬನೇ ಮಾಡಿದವರು ಯಾರಾದರೂ ಇದ್ದೀರಾ, ಅಥವಾ ಇನ್ನೊಂದು ಜೊತೆ ಕೈ ಬೇಕೇ ಬೇಕೇ?