ನಾರುಹುಣ್ಣಿನ ನಿರ್ಮೂಲನೆಯಲ್ಲಿ ಕಾರ್ಟರ್ ಸೆಂಟರ್‌ನ ಪಾಲು ಎಷ್ಟು?

ಪ್ರಶ್ನೆ: ಬಯಲುಸೀಮೆ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪರಾವಲಂಬಿ ಹುಳುಗಳ ವಿಷಯ ಬಂದಾಗ ನಾರುಹುಣ್ಣನ್ನು, ಅಂದರೆ ಕುಡಿಯುವ ನೀರಿನಿಂದ ಮೈ ಸೇರಿ ಚರ್ಮದಿಂದ ಹೊರಬರುವ ಗಿನಿ ಹುಳುವಿನ ರೋಗವನ್ನು ಪ್ರಸ್ತಾಪಿಸುತ್ತೇನೆ. ಲಸಿಕೆಯಾಗಲಿ, ಗುಣಪಡಿಸುವ ಮಾತ್ರೆಯಾಗಲಿ ಇಲ್ಲದ ರೋಗವೊಂದು ಜಗತ್ತಿನಿಂದಲೇ ಮರೆಯಾಗುವ ಹಂತಕ್ಕೆ ಬಂದಿದೆ ಎಂದರೆ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ.

2024ರ ಡಿಸೆಂಬರ್ 29ರಂದು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತೀರಿಕೊಂಡಾಗ, ಅವರ ಸೇವಾಸಂಸ್ಥೆಯಾದ ಕಾರ್ಟರ್ ಸೆಂಟರ್ ಈ ರೋಗವನ್ನು ಅಳಿಸಿತು ಎಂಬರ್ಥದ ಬರಹಗಳನ್ನು ಓದಿದೆ. ಆದರೆ ಭಾರತ ತನ್ನದೇ ಸರ್ಕಾರಿ ಕಾರ್ಯಕ್ರಮದಿಂದ ನಾರುಹುಣ್ಣನ್ನು ಹೋಗಲಾಡಿಸಿಕೊಂಡಿತು ಎಂದು ನಾನು ತಿಳಿದಿದ್ದೇನೆ. ಹಾಗಿದ್ದರೆ ಆ ಸಂಸ್ಥೆ ನಿಜವಾಗಿ ಮಾಡಿದ್ದೇನು? ಅದರ ಚರಿತ್ರೆ ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ತಿಳಿನೀರು

ಮೇಷ್ಟ್ರೇ, ಈ ರೋಗವನ್ನು ನಿರ್ಮೂಲನ ಮಾಡಬಹುದೆಂಬ ಯೋಚನೆ ಹುಟ್ಟಿದ್ದು ಕಾರ್ಟರ್ ಸೆಂಟರ್‌ನಲ್ಲಿ ಅಲ್ಲ. ಸಿಡುಬಿನ ವಿರುದ್ಧ ಸಿಯೆರಾ ಲಿಯೋನ್‌ನಲ್ಲಿ ಕೆಲಸ ಮಾಡಿದ್ದ ಡೊನಾಲ್ಡ್ ಹಾಪ್ಕಿನ್ಸ್ ಎಂಬ ವೈದ್ಯರು 1980ರ ಸುಮಾರಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯಲ್ಲಿದ್ದರು. ವಿಶ್ವಸಂಸ್ಥೆಯ ಕುಡಿಯುವ ನೀರು ಮತ್ತು ನೈರ್ಮಲ್ಯ ದಶಕ 1981ರಲ್ಲಿ ಆರಂಭವಾಗಲಿತ್ತು. ನಾರುಹುಣ್ಣು ಬರುವುದು ಕೊಳಕು ನೀರಿನಿಂದಲೇ ಆದ್ದರಿಂದ, ಆ ದಶಕ ಸಫಲವಾಯಿತೋ ಇಲ್ಲವೋ ಎಂಬುದಕ್ಕೆ ಈ ರೋಗದ ಕಣ್ಮರೆಯೇ ಸಾಕ್ಷಿಯಾಗಲಿ ಎಂದು ಹಾಪ್ಕಿನ್ಸ್ ಮತ್ತು ಅವರ ಸಹೋದ್ಯೋಗಿಗಳು ಪಟ್ಟುಹಿಡಿದರು. ಆದರೆ ಕೇಳುವವರು ಕಡಿಮೆ ಇದ್ದರು, ಏಕೆಂದರೆ ಇದು ಜನರನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆ ಮಲಗಿಸುವ ರೋಗ, ಅದೂ ರಸ್ತೆಯಿಲ್ಲದ ಹಳ್ಳಿಗಳ ಬಡವರನ್ನು.

ಕಾರ್ಟರ್ ಮತ್ತು ಅವರ ಪತ್ನಿ ರೊಸಲಿನ್ 1982ರಲ್ಲಿ ಅಟ್ಲಾಂಟಾದಲ್ಲಿ ಸಂಸ್ಥೆಯನ್ನು ಸ್ಥಾಪಿಸಿದ್ದರು. ಹಿಂದೆ ಶ್ವೇತಭವನದಲ್ಲಿ ಅವರ ಸಲಹೆಗಾರರಾಗಿದ್ದ ಪೀಟರ್ ಬೋರ್ನ್ ಮುಂದೆ ನೀರಿನ ದಶಕದ ಹೊಣೆ ಹೊತ್ತಿದ್ದರು; ಅವರೇ ಕಾರ್ಟರ್ ಅವರ ಗಮನವನ್ನು ನಾರುಹುಣ್ಣಿನ ಕಡೆಗೆ ಸೆಳೆದವರು. ಸಂಸ್ಥೆ ಈ ಹೊಣೆಯನ್ನು ಕೈಗೆತ್ತಿಕೊಂಡ 1986ರಲ್ಲಿ ಏಷ್ಯಾ ಮತ್ತು ಆಫ್ರಿಕಾಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನ ಈ ರೋಗದಿಂದ ನರಳುತ್ತಿದ್ದರೆಂದು ಅಂದಾಜು. ಮೊದಲ ಒಪ್ಪಂದವಾದದ್ದು ಪಾಕಿಸ್ತಾನದೊಂದಿಗೆ. ಆರಂಭದ ಹಣದಲ್ಲಿ ದೊಡ್ಡ ಪಾಲು ಕೊಟ್ಟವರು ಬ್ಯಾಂಕ್ ಆಫ್ ಕ್ರೆಡಿಟ್ ಆ್ಯಂಡ್ ಕಾಮರ್ಸ್ ಇಂಟರ್‌ನ್ಯಾಷನಲ್‌ನ ಸ್ಥಾಪಕ ಆಗಾ ಹಸನ್ ಅಬೇದಿ. ಆ ಬ್ಯಾಂಕು 1991ರಲ್ಲಿ ಭಾರಿ ವಂಚನೆಯ ಆರೋಪದ ಮೇಲೆ ಮುಚ್ಚಿಹೋಯಿತು ಎಂಬುದನ್ನೂ ಈ ಚರಿತ್ರೆಯಲ್ಲಿ ಬಿಡದೆ ಹೇಳಬೇಕು.

ಸಂಸ್ಥೆಯ ನಿಜವಾದ ಬಲ, ನನ್ನ ಅಭಿಪ್ರಾಯದಲ್ಲಿ, ಬೇರೆ ಯಾರಿಗೂ ತೆರೆಯದ ಬಾಗಿಲುಗಳು ಕಾರ್ಟರ್ ಅವರಿಗೆ ತೆರೆಯುತ್ತಿದ್ದುದರಲ್ಲಿತ್ತು. ರಾಷ್ಟ್ರಾಧ್ಯಕ್ಷರ ಎದುರು ಕುಳಿತು, ನಿಮ್ಮ ದೇಶದ ಇಂತಿಷ್ಟು ಹಳ್ಳಿಗಳಲ್ಲಿ ಈ ರೋಗವಿದೆ, ನೀವೇನು ಮಾಡುತ್ತೀರಿ ಎಂದು ಅವರು ನೇರವಾಗಿ ಕೇಳಬಲ್ಲವರಾಗಿದ್ದರು. ನೈಜೀರಿಯಾದಲ್ಲಿ ಯಾಕುಬು ಗೋವನ್, ಮಾಲಿಯಲ್ಲಿ ಅಮಡೂ ಟೂಮಾನಿ ಟೂರೆ ಅವರಂಥ ನಾಯಕರು ತಾವೇ ಹಳ್ಳಿ ಸುತ್ತಲು ಮುಂದಾದದ್ದು ಇದರ ಫಲ. 1988ರಲ್ಲಿ ಘಾನಾದ ಹಳ್ಳಿಯೊಂದಕ್ಕೆ ಹೋದ ಕಾರ್ಟರ್, ಯುವತಿಯೊಬ್ಬಳು ಎದೆಗೆ ಮಗುವನ್ನು ಅವಚಿಕೊಂಡಿದ್ದಾಳೆಂದು ಭಾವಿಸಿ ಹತ್ತಿರ ಹೋದರು. ಅವಳು ಎತ್ತಿ ಹಿಡಿದಿದ್ದದ್ದು ಬಾತುಹೋದ ತನ್ನದೇ ಸ್ತನವನ್ನು. ಅದರ ತುದಿಯಿಂದ ಹುಳು ಹೊರಬರುತ್ತಿತ್ತು. ಈ ಪ್ರಸಂಗವನ್ನು ಅವರು ಜೀವಮಾನವಿಡೀ ಹೇಳುತ್ತಿದ್ದರು. ಘಾನಾ ಈ ರೋಗದಿಂದ ಮುಕ್ತವೆಂದು ದೃಢಪಟ್ಟದ್ದು 2015ರಲ್ಲಿ.

ಇನ್ನೊಂದು ಕೆಲಸ ಕುಡಿಯುವ ನೀರು ಸೋಸುವ ಬಟ್ಟೆಯದು. ಸೀರೆಯ ಅಥವಾ ಹತ್ತಿ ಬಟ್ಟೆಯ ಸೋಸುಗ ಬೇಗ ಕಟ್ಟಿಕೊಳ್ಳುತ್ತದೆ. ಸಂಸ್ಥೆ ಡುಪಾಂಟ್ ಮತ್ತು ಪ್ರಿಸಿಷನ್ ಫ್ಯಾಬ್ರಿಕ್ಸ್ ಕಂಪನಿಗಳಿಂದ ಒತ್ತಾಗಿ ನೇಯ್ದ ನೈಲಾನ್ ಬಟ್ಟೆಯನ್ನು ದಾನವಾಗಿ ಪಡೆದು ಹಳ್ಳಿಗಳಿಗೆ ಹಂಚಿತು. ಹುಳುವಿನ ಮರಿಗಳನ್ನು ಹೊತ್ತ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಜೀವಿ ಅದರಲ್ಲಿ ಸಿಕ್ಕಿಬೀಳುತ್ತದೆ.

ಉತ್ತರ: ನಿವೃತ್ತ_ಆರೋಗ್ಯ_ಸಹಾಯಕ

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಭಾರತದ ಬಗ್ಗೆ ಹೇಳುತ್ತೇನೆ. ನಮ್ಮ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1983–84ರಲ್ಲಿ, ಅಂದರೆ ಕಾರ್ಟರ್ ಸೆಂಟರ್ ಈ ಕ್ಷೇತ್ರಕ್ಕೆ ಬರುವ ಮೊದಲೇ. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶಗಳ ಜೊತೆಗೆ ನಮ್ಮ ಕರ್ನಾಟಕವೂ ರೋಗಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು. ಉತ್ತರ ಕರ್ನಾಟಕದಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿದ್ದ ನಾನು ಕೆಲಸಕ್ಕೆ ಸೇರಿದಾಗ ರೋಗ ಇಳಿಮುಖವಾಗಿತ್ತಾದರೂ ಮನೆಮನೆ ಹುಡುಕಾಟ ನಿಂತಿರಲಿಲ್ಲ.

ನಮ್ಮಲ್ಲಿ ರೋಗದ ಮೂಲ ಪಾವಟಿಗೆಯ ಬಾವಿಗಳು. ಹಗ್ಗ ಬಿಟ್ಟು ನೀರು ಸೇದುವ ಬಾವಿಯಲ್ಲಿ ಜನ ನೀರಿಗೆ ಇಳಿಯುವುದಿಲ್ಲ. ಪಾವಟಿಗೆ ಇಳಿದು ಕೊಡ ತುಂಬುವಲ್ಲಿ ಮೊಣಕಾಲ ತನಕ ನೀರಿನಲ್ಲಿ ನಿಲ್ಲುತ್ತಾರೆ. ಹುಳು ಹೊರಬರುವ ಜಾಗದಲ್ಲಿ ಬೆಂಕಿಯಿಟ್ಟಂತೆ ಉರಿಯುವುದರಿಂದ ರೋಗಿಗೆ ಆ ತಣ್ಣೀರೇ ಹಿತ. ಕಾಲು ನೀರಿಗೆ ತಾಗಿದ ಕೂಡಲೇ ಹುಳು ಲಕ್ಷಾಂತರ ಮರಿಗಳನ್ನು ಬಿಡುತ್ತದೆ, ಆ ನೀರನ್ನೇ ಊರು ಕುಡಿಯುತ್ತದೆ, ಸುಮಾರು ಒಂದು ವರ್ಷದ ನಂತರ ಮತ್ತಷ್ಟು ಜನರ ಕಾಲಿನಲ್ಲಿ ಬೊಬ್ಬೆ ಏಳುತ್ತದೆ. ಒಂದು ಮೀಟರಿನವರೆಗೂ ಬೆಳೆಯುವ ಆ ಹುಳುವನ್ನು ಕಸಬರಿಗೆಯ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆಯಬೇಕು. ಅವಸರ ಮಾಡಿ ಹರಿದರೆ ಒಳಗುಳಿದ ತುಂಡಿನಿಂದ ಕಾಲು ಬಾತು ಕೀವಾಗುತ್ತದೆ. ಹುಳು ಪೂರ್ತಿ ಹೊರಬರುವ ತನಕ ರೈತ ಹೊಲಕ್ಕೆ ಹೋಗಲಾರ. ಬಿತ್ತುವ ಹಂಗಾಮು ಕಳೆದರೆ ಆ ವರ್ಷದ ಊಟವೇ ಹೋದಂತೆ.

ಆದ್ದರಿಂದ ನಮ್ಮ ಕೆಲಸದ ತಿರುಳು ಪಾವಟಿಗೆಯ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ನಮ್ಮ ಕಡೆ ಬೋರಿಂಗು ಎನ್ನುವ ಕೈಪಂಪುಗಳನ್ನು ಹಾಕಿಸುವುದು, ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಎಂಬ ಔಷಧವನ್ನು ನೀರಿಗೆ ಬೆರೆಸುವುದು, ರೋಗಿಯ ಗಾಯಕ್ಕೆ ಪಟ್ಟಿ ಕಟ್ಟಿ ಬಾವಿಗೆ ಇಳಿಯದಂತೆ ಒಪ್ಪಿಸುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟ. ಅಜ್ಜನ ಕಾಲದಿಂದ ಕುಡಿದ ಬಾವಿಯ ನೀರಿನಲ್ಲಿ ರೋಗವಿದೆ ಎಂದರೆ ಊರ ಹಿರಿಯರು ಮುನಿಸಿಕೊಳ್ಳುತ್ತಿದ್ದರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡಿತು; 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ಘೋಷಿಸಿತು. ಈ ಸಾಧನೆಯ ಹಿಂದೆ ಇದ್ದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ಉತ್ತರ: ಕೃಷ್ಣಾತೀರ

ಸೇವಾಸಂಸ್ಥೆಯ ಚರಿತ್ರೆಯನ್ನು ಗೆಲುವಿನ ಕಥೆಯಾಗಿ ಮಾತ್ರ ಓದಬಾರದು. ಮೊದಲ ಗಡುವು 1995 ಆಗಿತ್ತು. ಅದು ತಪ್ಪಿ ಮತ್ತೆ ಮತ್ತೆ ಮುಂದೆ ಹೋಗಿ ಈಗ 2030ಕ್ಕೆ ಬಂದು ನಿಂತಿದೆ. ಇಷ್ಟು ಗಡುವು ತಪ್ಪಿದ ಮೇಲೂ ಬಿಟ್ಟು ಹೋಗದಿರುವುದನ್ನೇ ನಾನು ಈ ಸಂಸ್ಥೆಯ ಹೆಚ್ಚುಗಾರಿಕೆ ಎನ್ನುತ್ತೇನೆ, ಏಕೆಂದರೆ ರೋಗಿಗಳ ಸಂಖ್ಯೆ ಇಳಿದಂತೆಲ್ಲ ಒಬ್ಬೊಬ್ಬ ರೋಗಿಯನ್ನು ಹುಡುಕುವ ಖರ್ಚು ಏರುತ್ತದೆ, ದಾನಿಗಳ ಉತ್ಸಾಹ ಇಳಿಯುತ್ತದೆ.

1995ರಲ್ಲಿ ಸುಡಾನಿನ ಅಂತರ್ಯುದ್ಧದ ನಡುವೆ ಕಾರ್ಟರ್ ಎರಡೂ ಪಕ್ಷಗಳನ್ನು ಕದನವಿರಾಮಕ್ಕೆ ಒಪ್ಪಿಸಿದರು. ಅದು ಸುಮಾರು ಆರು ತಿಂಗಳು ಉಳಿಯಿತು. ಆರೋಗ್ಯ ಕಾರ್ಯಕರ್ತರು ಅಲ್ಲಿಯವರೆಗೆ ಕಾಲಿಡಲಾಗದ ಹಳ್ಳಿಗಳಿಗೆ ಹೋಗಿ ಸೋಸುಬಟ್ಟೆ ಹಂಚಿದರು, ಕಣ್ಣು ಕಳೆಯುವ ನದಿಕುರುಡು ರೋಗಕ್ಕೆ ಔಷಧ ಕೊಟ್ಟರು, ಮಕ್ಕಳಿಗೆ ಲಸಿಕೆ ಹಾಕಿದರು. ಆದರೂ ದಕ್ಷಿಣ ಸುಡಾನ್ ಭಾಗದಲ್ಲಿ 2006ರಲ್ಲಿ 20 ಸಾವಿರಕ್ಕೂ ಹೆಚ್ಚು ಪ್ರಕರಣಗಳಿದ್ದವು.

ಅತಿ ದೊಡ್ಡ ಪೆಟ್ಟು ಬಿದ್ದದ್ದು ಚಾಡ್ ದೇಶದಲ್ಲಿ. ಹತ್ತು ವರ್ಷ ಒಂದೂ ಪ್ರಕರಣ ವರದಿಯಾಗದ ಆ ದೇಶದಲ್ಲಿ 2010ರಲ್ಲಿ ರೋಗ ಮರಳಿ ಕಂಡಿತು. 2012ರಲ್ಲಿ ನಾಯಿಗಳಲ್ಲೂ ಅದೇ ಹುಳು ಪತ್ತೆಯಾಯಿತು. 2016ರಲ್ಲಿ ಅಲ್ಲಿ ಸೋಂಕು ತಗುಲಿದ ನಾಯಿಗಳು ಸಾವಿರಕ್ಕೂ ಹೆಚ್ಚು. ಮನುಷ್ಯನನ್ನು ಬಿಟ್ಟರೆ ಈ ಹುಳುವಿಗೆ ಬೇರೆ ಮುಖ್ಯ ಆಸರೆಯಿಲ್ಲ ಎಂಬ ನಂಬಿಕೆಯ ಮೇಲೆಯೇ ಇಡೀ ಕಾರ್ಯಕ್ರಮ ನಿಂತಿತ್ತು. ಈಗ ಅಲ್ಲಿ ನಾಯಿಗಳನ್ನು ಕಟ್ಟಿಹಾಕಿ ಸಾಕಲು, ನಾಯಿಗಳು ತಿನ್ನದಂತೆ ಮೀನಿನ ಕರುಳನ್ನು ಹೊರಗೆ ಎಸೆಯದೆ ಹೂಳಲು ಜನರನ್ನು ಒಪ್ಪಿಸುತ್ತಿದ್ದಾರೆ. ಸೋಂಕಿನ ಸುದ್ದಿ ಕೊಟ್ಟವರಿಗೆ ನಗದು ಬಹುಮಾನವೂ ಇದೆ.

ಮರುಪ್ರಶ್ನೆ: ಬಯಲುಸೀಮೆ_ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ಬಾವಿ ಮತ್ತು ಕಡ್ಡಿಯ ವಿವರವನ್ನು ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ಈಗ ಎಷ್ಟು ಪ್ರಕರಣಗಳು ಉಳಿದಿವೆ, ಒಂದು ದೇಶವನ್ನು ಮುಕ್ತವೆಂದು ಘೋಷಿಸಲು ನಿಯಮವೇನು ಎಂದು ತಿಳಿಸುವಿರಾ?

ಉತ್ತರ: ತಿಳಿನೀರು

2024ರಲ್ಲಿ ಜಗತ್ತಿನಲ್ಲೆಲ್ಲ ಮನುಷ್ಯರಲ್ಲಿ ವರದಿಯಾದದ್ದು 15 ಪ್ರಕರಣಗಳು, ಅವೂ ಚಾಡ್ ಮತ್ತು ದಕ್ಷಿಣ ಸುಡಾನ್‌ಗಳಲ್ಲಿ. ಪ್ರಾಣಿಗಳಲ್ಲಿ ಸಂಖ್ಯೆ ಇನ್ನೂ ನೂರುಗಳಲ್ಲಿದೆ. ಒಂದು ದೇಶದಲ್ಲಿ ಸತತ ಮೂರು ವರ್ಷ ಒಂದೂ ಪ್ರಕರಣ ಕಾಣದಿದ್ದರೆ, ಆ ಅವಧಿಯಲ್ಲಿ ಹುಡುಕಾಟ ಸರಿಯಾಗಿ ನಡೆದಿದೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಂಡ ಹಳ್ಳಿಗಳಿಗೆ ಹೋಗಿ ಪರೀಕ್ಷಿಸಿದ ಮೇಲೆಯೇ ಪ್ರಮಾಣಪತ್ರ ಸಿಗುತ್ತದೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ 2022ರಲ್ಲಿ ಅದನ್ನು ಪಡೆಯಿತು. ಆ ಬಳಿಕ ಬಾಕಿ ಉಳಿದವು ಅಂಗೋಲಾ, ಚಾಡ್, ಇಥಿಯೋಪಿಯಾ, ಮಾಲಿ, ದಕ್ಷಿಣ ಸುಡಾನ್ ಮತ್ತು ಸುಡಾನ್. ಇವುಗಳಲ್ಲಿ ಮಾಲಿ ಮತ್ತು ಸುಡಾನ್‌ಗಳಂಥ ಕಡೆ ಯುದ್ಧ ನಿಲ್ಲದೆ ತಂಡಗಳು ಹಳ್ಳಿ ತಲುಪುವುದೇ ಕಷ್ಟವಾಗಿದೆ.